ಮೂರನೆಯ ರಾತ್ರಿ, ನರಿನ್ ಆಸ್ಪತ್ರೆ

ಪಿತ್ತಕೋಶ ತೆಗೆದು ಮೂರನೆಯ ರಾತ್ರಿ.
ತೊಕ್ತೊಸುನ್‌ನ ಮೈ ಆಗಷ್ಟೇ ರೊಟ್ಟಿ ತೆಗೆದ ತಂದೂರಿನ ಗೋಡೆ.
ಪಾದರಸ ಮೂವತ್ತೊಂಬತ್ತಕ್ಕೆ ಹತ್ತಿ ಕೂತಿತ್ತು,
ಇಳಿಯುವ ಮನಸ್ಸಿಲ್ಲ.

"ಗಾಳಿ ಸೋಕಿದೆ," ಅಂದಳು ಹೆಂಡತಿ ಕುಲುಯ್ಪಾ,
"ಕಿಟಕಿ ತೆರೆದವಳು ನೀನೇ."

ಗಾಳಿಯಿಂದಲೇ ಶುರುಮಾಡಿದೆ ನಾನೂ.
ಗುಡ್ಡದಾಚೆಯ ಕುದುರೆಗೆ ಶಿಳ್ಳೆ ಹಾಕುವವನು
ಹೊಲಿಗೆ ಬಿಚ್ಚೀತೆಂದು ಕೆಮ್ಮಲೂ ಹೆದರುತ್ತಿದ್ದ;
ಎದೆಗೂಡಿನ ತಳದಲ್ಲಿ
ಉಸಿರು ಮುಟ್ಟದ ಮೂಲೆ ಇರಬಹುದು.
ಕಿವಿಗೊಟ್ಟೆ. ಇಲ್ಲ.
ಕೊಳವೆಯಲ್ಲಿ ಮೂತ್ರ ತಿಳಿ.
ಮೀನಖಂಡ ಎರಡೂ ಒಂದೇ ದಪ್ಪ, ಒಂದೇ ಮೃದು.
ಗಾಯ ಒಣಗಿದೆ, ಕೀವಾಗಲು ಇನ್ನೂ ಹೊತ್ತಿದೆ.
ಫೋನಿನಲ್ಲಿ ಡಾಕ್ಟರು, ನಿದ್ದೆಗಂಟಲಲ್ಲಿ:
"ಇನ್ನೊಮ್ಮೆ ನೋಡು ಬುರುಲ್. ಎಲ್ಲ."

ಎಲ್ಲ ಅಂದರೆ ಎಡಗೈಯೂ.
ಮಣಿಕಟ್ಟಿನ ಮೇಲೆ ಕುಲುಯ್ಪಾ ಹೆಣೆದ ಉಣ್ಣೆಯ ಪಟ್ಟಿ,
ಡ್ರಿಪ್ಪಿನ ನೀರು ತಣ್ಣಗೆ,
ಕೈಯಾದರೂ ಬೆಚ್ಚಗಿರಲಿ ಎಂದು.
ಸರಿಸಿದೆ.
ಸೂಜಿ ಚುಚ್ಚಿದಲ್ಲಿಂದ ಮೊಣಕೈವರೆಗೆ
ನರವೆಲ್ಲ ಕೆಂಪು ಹಗ್ಗ,
ಮುಟ್ಟಿದರೆ ಅವನು ಬೈದ.

ಸೂಜಿ ಕಿತ್ತು ಬಲಗೈ ಹುಡುಕುತ್ತಿರುವಾಗ
ಪಟ್ಟಿಯನ್ನು ಮಡಿಸಿ ಮಡಿಸಿ
ಬೆರಳಷ್ಟು ಮಾಡಿಕೊಂಡು ಕೇಳಿದಳು:
"ನನ್ನಿಂದಲೇ ಅಲ್ಲವೇ?"
ಅಲ್ಲ, ಅಂದೆ.
ಮೂರು ದಿನ ಅದನ್ನು ಎತ್ತಿ ನೋಡದವಳು
ಯಾರೆಂದು ಅವಳು ಕೇಳಲಿಲ್ಲ.
ನಾನೂ
ಹೇಳಲಿಲ್ಲ.