ಒಂದು ಉದ್ದ, ಐದು ಗಿಡ್ಡ

ಉಣಕಲ್ ಕೆರಿ ದಾಟೂದಕ್ಕ
ಡ್ಯಾಶ್‌ಬೋರ್ಡಿನ್ಯಾಗ ‘ಡಿ’ ಅನ್ನೂ ಹಸರ ಅಕ್ಷರ
ಕಣ್ಣು ಮಿಟಕಸಾಕ ಹತ್ತಿತು.
ಎರಡರಿಂದ ಮೂರನೇ ಗೇರಿಗೆ ಹೋಗೂ ಮುಂದ
ಹಿಂದಿನಿಂದ ಯಾರೋ ದಬ್ಬಿದಂಗ ಒಂದು ಜಗ್ಗು.
ಡಿಕ್ಕಿಯೊಳಗ ನನ್ನ ನೋಟರಿ ಸೀಲಿನ ಟ್ರಂಕು
ಧಡಕ್ಕಂತ ಸರೀತು.

ಇಪ್ಪತ್ತೆರಡು ವರ್ಷದ ಗಾಡಿ, ಮೂರು ಕೈ ದಾಟಿ ಬಂದದ್ದು.
ಕ್ಲಚ್ಚಿಲ್ಲದ್ದ ಬೇಕಂತ ಬೆಳಗಾವಿ ತನಕ ಹುಡುಕಿ ತಂದದ್ದು.
ಒಂಬತ್ತು ತಿಂಗಳ ಕೂಸಿದ್ದಾಗ ಬಂದ ಜ್ವರದಾಗ
ನನ್ನ ಎಡಗಾಲು ಮಲಗಿತು, ಇನ್ನೂ ಎದ್ದಿಲ್ಲ.
ಹಂಗಾಗಿ ದಿನಾ ಧಾರವಾಡ ಕೋರ್ಟಿಗೆ
ಒಂದ ಕಾಲಿನ ಮ್ಯಾಲ ಹೋಗಿ ಬರತೀವಿ,
ನಾನೂ, ಇದೂ.

ಗೋಕುಲ ರೋಡಿನ ಶೋರೂಮಿನ್ಯಾಗ
ಟೈ ಕಟ್ಟಿದ ಹುಡುಗ ಬಾನೆಟ್ಟೂ ತಗೀಲಿಲ್ಲ.
“ಗೇರ್ ಬಾಕ್ಸ್ ಹೋಗೇತ್ರಿ ಮೇಡಂ. ಒಂದೂ ಮುಕ್ಕಾಲು ಲಕ್ಷ.
ಅದಕ್ಕಿಂತ ಗುಜರಿಗೆ ಕೊಟ್ಟರ…”
ಕೋರ್ಟಿನ ಕಟ್ಟಿ ಮ್ಯಾಲಿನ ಟೈಪಿಸ್ಟ್ ವಾದಿರಾಜ:
“ಬಲ್ಬು ಕಿತ್ತ ಒಗೀರಿ. ಕಾಣದಿದ್ದರ ರೋಗ ಇಲ್ಲ.”
ನಮ್ಮ ಭಾವ: “ನಾ ಮದಲ ಹೇಳಿದ್ದೆ.”
ಏನು ಹೇಳಿದ್ದ ಅಂತ ಅವಗೂ ನೆನಪಿಲ್ಲ.

ಕಾರವಾರ ರೋಡಿನ ತಗಡಿನ ಶೆಡ್ಡಿನ್ಯಾಗ
ದಾವಲಸಾಬ ನದಾಫ ಏನೂ ಅನ್ನಲಿಲ್ಲ.
ಎಂಜಿನ್ ಬಿಸಿ ಆಗೂಮಟ ಕಾದ, ಆರಿಸಿದ,
ಕಡ್ಡಿ ಎಳದು ಹಳೇ ಬನಿಯನ್ನಿಗೆ ಒರಸಿ
ಮೂಗಿನ ಹತ್ತರ ಹಿಡದ.
“ಕುಂಕುಮದ ಬಣ್ಣ ಇರಬೇಕಾದ್ದು, ಕಾಚಿನ ಬಣ್ಣ ಆಗೇತಿ.
ಸುಟ್ಟಿಲ್ಲ. ಮುಪ್ಪಾಗೇತಿ, ಅಷ್ಟ.
ಅಕ್ಕಾರ, ತಲಿಯೊಳಗಿನ ಪಿನ್ ಒಂದು ಕೊಡ್ರಿ.”

ಗ್ಲೋವ್ ಬಾಕ್ಸಿನ ಹಿಂದ ಕೈ ಹಾಕಿ
ಎರಡು ತೂತಿನ ನೀಲಿ ಸಾಕೆಟ್ ಹುಡುಕಿ
ನನ್ನ ಪಿನ್ನು ಸೊಟ್ಟ ಮಾಡಿ ಚುಚ್ಚಿ
ಚಾವಿ ಅರ್ಧಕ್ಕ ತಿರುವಿದ.
“ಈಗ ಅದು ತಾನ ಮಾತಾಡತೈತಿ. ಎಣಸ್ರಿ.
ಉದ್ದ ಬಂದರ ಹತ್ತು, ಗಿಡ್ಡ ಬಂದರ ಒಂದು.”

ಹೊರಗ ಲಾರಿ ಹಾರ್ನು, ವೆಲ್ಡಿಂಗಿನ ಕಿಡಿ.
ಚಾ ತಂದ ಹುಡುಗ ಫಕೀರ್ಯಾ
ಗ್ಲಾಸು ಹಿಡಕೊಂಡ ನಿಂತುಬಿಟ್ಟ.
ಉ…ದ್ದ.
ಗಿಡ್ಡ, ಗಿಡ್ಡ, ಗಿಡ್ಡ, ಗಿಡ್ಡ,
ಗಿಡ್ಡ.
ಕತ್ತಲಿ.
ಮತ್ತ ಅದ. ಮತ್ತ ಅದ.

ಸಣ್ಣಾಕಿ ಇದ್ದಾಗ ನನ್ನ ಕಾಲು ನೋಡಿ
ಹಳೇ ಹುಬ್ಬಳ್ಳಿ ಕಂಪೌಂಡರ, ಅಣ್ಣಿಗೇರಿ ನಾಟಿ ವೈದ್ಯ,
ಎಲ್ಲಾರೂ ‘ಕಾಲು ಹೋತು’ ಅಂದರು.
ಎಲ್ಲಿ ಕಡದೈತಿ ಅಂತ ಯಾರೂ ಎಣಸಲಿಲ್ಲ.
ಎಣಸಿದ್ದರ ಏನೋ ಆಗತಿತ್ತು ಅಂತಲ್ಲ.

“ಹದಿನೈದು” ಅಂತ ಫಕೀರ್ಯಾ ಒದರಿದ.
ಎಣ್ಣಿ ಕುಡದ ಡೈರಿಯೊಳಗ ದಾವಲಸಾಬನ ಬೆರಳು
ಹದಿನೈದರ ಮುಂದ ನಿಂತಿತು:
ಒಳಗಿನ ಶಾಫ್ಟಿನ ವೇಗ ಅಳಿಯೂ ಸೆನ್ಸರು.
“ಹೊಸಾದು ತರಸೂದ?” ಅಂದೆ.
“ತಡೀರಿ. ನಂಬರು ಓಣಿ ಹೇಳತೈತಿ,
ಮನಿ ಹೇಳಂಗಿಲ್ಲ.”

ಮೀಟರ್ ಹಚ್ಚಿದ. ಸೆನ್ಸರಿನ್ಯಾಗ ಜೀವ ಐತಿ.
ಅಲ್ಲಿಂದ ವೈರ್ ಹಿಡಕೊಂಡು ಒಂದೊಂದ ಗೇಣು
ಹಿಂದಕ್ಕ ಬಂದ, ಬ್ಯಾಟರಿ ತಳಕ.
ಅಲ್ಲಿತ್ತು ಇಲಿಯ ಸಂಸಾರ:
ಶೇಂಗಾ ಸಿಪ್ಪಿ, ಸೀಟಿನ ಹತ್ತಿ,
ನನ್ನ ಅಫಿಡವಿಟ್ಟಿನ ಚೂರು,
‘ಸತ್ಯವೆಂದು ಪ್ರಮಾಣ’ ತನಕ ಉಳದದ್ದು.
ಅದರ ಬಾಜೂಕ, ಕಡದ ವೈರಿನ
ಎರಡು ತಾಮ್ರದ ತುದಿ,
ನಡುವ ಒಂದು ಜ್ವಾಳದ ಕಾಳಿನಷ್ಟು ಜಾಗಾ.

ಬೆಸಿಗಿ, ಟೇಪು, ಮುನ್ನೂರಾ ಇಪ್ಪತ್ತು ರೂಪಾಯಿ.
ಚಾ ಆರಿತ್ತು, ಆದರೂ ಕುಡದಿವಿ.
“ದೀಪ ಆರೇತಿ. ಜಗ್ಗೂದು ಒಂಚೂರು ಇರತೈತಿ,
ಅದು ಎಣ್ಣೀದು. ಮುಂದಿನ ತಿಂಗಳ ಬರ್ರಿ.
ಹಳೇದನ್ನ ಎಲ್ಲಾ ಒಮ್ಮೆಲೆ ತಗೀಬಾರದು,
ಗಾಬರಿ ಆಗತೈತಿ.”

ಪಿನ್ನು ಅವನ ಅಂಗಿ ಕಿಸೆದಾಗ ಉಳೀತು.
ನವಲೂರಿನ ಪೇರಲದ ಬುಟ್ಟಿ ದಾಟೂ ಮುಂದ
ಕೂದಲಾ ಬಿಚ್ಚಿ ಕಣ್ಣಿಗೆ ಬಡೀತು.
ಎರಡು. ಈಗ ಮೂರು.
ಸಣ್ಣಗ ಜಗ್ಗಿತು. ಟ್ರಂಕು ಸರೀಲಿಲ್ಲ.