ಎರಡು ರಿಂಗು

ಇಸಿಕ್‌ಕುಲ್ ಸರೋವರಕ್ಕೆ ಬೆನ್ನು ಹಾಕಿದ ಕೋಣೆ, ಕಿಟಕಿಯಿಲ್ಲ.
ಗೋಡೆಗೆ ಬಡಿದ ಎಕ್ಸ್‌ಚೇಂಜ್ ಪೆಟ್ಟಿಗೆ, ಮಗ್ಗುಲಲ್ಲಿ ಕಂಪ್ಯೂಟರು,
ನಡುವೆ ಒಂಬತ್ತು ಪಿನ್ನಿನ ಬೂದು ಕೇಬಲ್ಲು.
ಬೆಳಗಿನಿಂದ ಎರಡಕ್ಕೂ ಮಾತಿಲ್ಲ.
ಇದು ಹೇಳುವ ವೇಗ ಒಂದು, ಅದು ಕೇಳುವ ವೇಗ ಇನ್ನೊಂದು,
ಪರದೆಯ ತುಂಬ ಹುಳ ಹರಿದಂಥ ಅಕ್ಷರ.
ಮಧ್ಯಾಹ್ನಕ್ಕೆ ಹೊಂದಿಕೆಯಾಯಿತು. ಮೊದಲ ಸಾಲು ಬಂತು:
ತಾರೀಖು, ಗಂಟೆ, ಕೋಣೆ, ತಿರುಗಿಸಿದ ನಂಬರು, ಹೊತ್ತು, ಸೊಮ್.
ನಾನೇ ಮಾಡಿದ ಕರೆ,
ಬಿಷ್ಕೆಕ್ಕಿನಲ್ಲಿ ಸಮಯ ಹೇಳುವ ಧ್ವನಿಗೆ.

ಗುಲ್‌ಸುನ್ ಎಜೆ ಚಹಾ ತಂದಿಟ್ಟಳು. ಇಪ್ಪತ್ತಾರು ವರ್ಷ
ಈ ಆರೋಗ್ಯಧಾಮದ ಕರೆಗಳನ್ನು
ಗೆರೆ ಹಾಕಿದ ಪುಸ್ತಕದಲ್ಲಿ ಕೈಯಾರೆ ಬರೆದವಳು.
‘ಇದು ತಪ್ಪೇ ಬರೆಯುವುದಿಲ್ಲವಂತೆ?’
ಇಲ್ಲ ಎಂದೆ.
‘ಪಾಪ’ ಎಂದಳು.

ಲೆಕ್ಕ ಶುರುವಾಗುವುದು ಎಲ್ಲಿಂದ?
ಆ ಕಡೆಯವರು ಎತ್ತಿದಾಗಿನಿಂದ, ಅನ್ನುತ್ತೀರಿ.
ಈ ಹಳೆಯ ತಂತಿ ಎತ್ತಿದ್ದನ್ನು ಹೇಳುವುದೇ ಇಲ್ಲ.
ಹಾಗಾಗಿ ಪೆಟ್ಟಿಗೆಗೆ ಒಂದು ಅಂಕಿ ಕೊಡಬೇಕು:
ಇಷ್ಟು ಸೆಕೆಂಡು ಕಳೆದರೆ ಯಾರೋ ಎತ್ತಿದರೆಂದು ತಿಳಿದುಕೋ.
ಮೂವತ್ತೇಳನೆಯ ಖಾನೆ. ಕಾರ್ಖಾನೆಯಿಂದ ಬಂದದ್ದು ಇಪ್ಪತ್ತು.
ಹಾಗೇ ಬಿಟ್ಟರೆ ‘ಶನಿವಾರ ಬಾ’ ಎಂದಿಷ್ಟೇ ಹೇಳಿ ಇಡುವವರೆಲ್ಲ ಪುಕ್ಕಟೆ.
ನಿರ್ದೇಶಕ ಓರೊಜ್‌ಬೆಕ್ ಬರೆದುಕೊಟ್ಟದ್ದು ಐದು,
ಕೆಳಗೆ ಎರಡು ಗೆರೆ.

ಪರೀಕ್ಷೆಗೆಂದು ಸೊನ್ನೆ ಇಟ್ಟು ಮೂರು ರಾತ್ರಿ ಎಲ್ಲವನ್ನೂ ಬರೆಸಿದೆ.
ಕೋಣೆ ೨೧೪, ಒಂಬತ್ತೂ ಹತ್ತು, ಕಿಜಿಲ್‌ಕಿಯಾ, ಒಂಬತ್ತು ಸೆಕೆಂಡು.
ಕೋಣೆ ೨೧೪, ಒಂಬತ್ತೂ ಹತ್ತು, ಕಿಜಿಲ್‌ಕಿಯಾ, ಒಂಬತ್ತು ಸೆಕೆಂಡು.
ಕೋಣೆ ೨೧೪, ಒಂಬತ್ತೂ ಹನ್ನೊಂದು—
ತಂತಿ ಕಡಿಯುತ್ತಿದೆಯೆಂದು ಇಕ್ಕಳ ಹಿಡಿದು ಮೇಲೆ ಹೋದೆ.

ತುರ್ದುಮಾಮತ್. ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿ.
ಉಸಿರಿಗೊಮ್ಮೆ ಎದೆಯೊಳಗೆ ಯಾರೋ ಜರಡಿ ಆಡಿಸುತ್ತಾರೆ.
ಮಾತು ಅವನಿಗೆ ತುಟ್ಟಿ, ಸೊಮ್ ಲೆಕ್ಕದಲ್ಲಲ್ಲ, ಗಾಳಿಯ ಲೆಕ್ಕದಲ್ಲಿ.
ತಂತಿ ಸರಿಯಿದೆಯೇ ಎಂದು ಕೇಳಿದರೆ ಎರಡು ಬೆರಳೆತ್ತಿದ.
ಎರಡು ರಿಂಗಾದರೆ, ಇವತ್ತೂ ಇದ್ದೇನೆ.
ಅಲ್ಲಿ ಅನಾರ್‌ಖಾನ್ ಫೋನಿನ ಪಕ್ಕ ಕೂತು ಎತ್ತುವುದಿಲ್ಲವಂತೆ.
ದಿನಾ ಕೂತು, ಎತ್ತುವುದಿಲ್ಲವಂತೆ.
‘ಮೂರಾದರೆ?’
ನಕ್ಕ, ಕೆಮ್ಮಿದ, ಬಹಳ ಹೊತ್ತು ಕೆಮ್ಮಿದ.
‘ಮೂರನ್ನು ನಾನು ಮಾಡುವುದಿಲ್ಲ, ಮಗಳೇ.
ಅದನ್ನು ಬೇರೆ ಯಾರಾದರೂ ಮಾಡಬೇಕು.’

ಐದು ಇಟ್ಟರೆ
ಎತ್ತದ ಕರೆಯನ್ನು ಎತ್ತಿತೆಂದು ಬರೆಯುತ್ತದೆ,
ಒಂದು ನಿಮಿಷ, ಮೂರು ಸೊಮ್, ದಿನವೂ.
ತಪ್ಪೇ ಬರೆಯದ ಪೆಟ್ಟಿಗೆ.

ಹನ್ನೆರಡು ಒತ್ತಿದೆ.
ಓರೊಜ್‌ಬೆಕ್‌ಗೆ ಹೇಳಿದೆ, ಇಷ್ಟು ಹಳೆಯ ತಂತಿಗೆ ಐದು ದಕ್ಕುವುದಿಲ್ಲ.
ಅರ್ಧ ನಿಜ. ಉಳಿದರ್ಧವನ್ನು ಅವನು ಕೇಳಲಿಲ್ಲ.

ಆ ರಾತ್ರಿ ಒಂಬತ್ತೂ ಹತ್ತಕ್ಕೆ ಪರದೆಯ ಮುಂದೆ ಕೂತೆ.
ಏನೂ ಬರಲಿಲ್ಲ.
ಬರಬಾರದೆಂದೇ ತಾನೆ ನಾನು ಇಟ್ಟದ್ದು?
ಒಂಬತ್ತೂ ಹನ್ನೊಂದು. ಹನ್ನೆರಡು. ಚಹಾ ಕೆನೆಗಟ್ಟಿತು.
ಹನ್ನೆರಡು ಸೆಕೆಂಡಿನ ಮರೆಯಲ್ಲಿ ಅವನಿದ್ದಾನೋ ಇಲ್ಲವೋ,
ಕಾಗದಕ್ಕೆ ಎರಡೂ ಒಂದೇ.
ಆಗ ಹಿಂದಿನಿಂದ ಗುಲ್‌ಸುನ್ ಎಜೆ
ನನ್ನ ಗದ್ದ ಹಿಡಿದು ಗೋಡೆಯ ಕಡೆ ತಿರುಗಿಸಿದಳು.

ಮೂರನೇ ತಂತಿಯ ಹಸಿರು ದೀಪ, ಸಾಸಿವೆ ಕಾಳಿನಷ್ಟು,
ಹತ್ತಿತ್ತು.
ಇಬ್ಬರೂ ಬಾಯಲ್ಲೇ ಎಣಿಸಿದೆವು, ಅವಳು ಕಿರ್ಗಿಜ್‌ನಲ್ಲಿ, ನಾನು ರಷ್ಯನ್‌ನಲ್ಲಿ.
ಒಂಬತ್ತಕ್ಕೆ ಆರಿತು.

ಕೆಲಸದ ಚೀಟಿಯಲ್ಲಿ ಬರೆದೆ:
ಕೋಣೆ ೨೧೪. ದಾಖಲೆ ಬರುತ್ತಿಲ್ಲ.
ಸರಿಯಾಗಿದೆ.