ಕೆರೆಯಲ್ಲಿ ಇನ್ನೂ ಎಂಟಡಿ

ಮಳೆ ಲೆಕ್ಕದ ಪುಸ್ತಕದಲ್ಲಿ ಫೆಬ್ರವರಿ ಖಾಲಿ.
ಇಂಚಿಲ್ಲ, ಸೆಂಟಿಲ್ಲ, ದಿನಕ್ಕೊಂದು ಸೊನ್ನೆ.
ಆ ಸೊನ್ನೆಗಳ ಪಕ್ಕದಲ್ಲೇ ಪೊನ್ನವ್ವ ಪೆನ್ಸಿಲಿನಲ್ಲಿ
ಒಂದು ದ್ವೀಪ ಬರೆದಳು, ಸುತ್ತ ಕಚ್ಚುಕಚ್ಚಾಗಿ ಕೊಲ್ಲಿಗಳು.
ಇಲಿ ಕಡಿದ ಅಕ್ಕಿರೊಟ್ಟಿಯ ಹಾಗಿದೆ, ಅಂದೆ.
ಮೆನೋರ್ಕ, ಅಂದಳು,
ಅಮ್ಮತ್ತಿಯ ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ
ಬೇರೆಯವರ ಊರುಗಳಿಗೆ ಮೊಹರು ಹೊಡೆದವಳು.

ಸೆಪ್ಟೆಂಬರ್. ಕೈಲ್ ಪೊಳ್ದ್ ಮುಗಿದ ಮಾರನೇ ವಾರ.
ಆಗ ಅಲ್ಲಿ ನೀರು ಬೆಚ್ಚಗಂತೆ, ಜನ ಚೆದುರಿರುತ್ತಾರಂತೆ.
ನಾಲ್ಕು ದಿನ, ನಾಲ್ಕು ಕೊಲ್ಲಿ,
ಸಂಜೆಗೆ ವಾಪಸು ಅದೇ ಕೋಣೆ, ಅದೇ ತಲೆದಿಂಬು.
ಕೊಲ್ಲಿಗೆ ಅವರ ಮಾತಿನಲ್ಲಿ ಕಾಲಾ.
ನಮ್ಮ ಕಾಲ ಯಾವಾಗ ಬರುತ್ತೆ ಮಾರಾಯ್ತಿ?
ಎಂಟು ಇಪ್ಪತ್ತರ ಬಸ್ಸಿಗೆ, ಅಂದಳು, ನಗದೆ.

ಗಾಳಿಯೊಂದು ನಮ್ಮಿಬ್ಬರಿಗೂ ತಿಳಿಯದ ವಿಷಯ.
ಶುಕ್ರವಾರ ತಲಶ್ಶೇರಿಯಿಂದ ಮತ್ತಿ ತರುವ ಮೊಯ್ದು
ತಕ್ಕಡಿ ಕೆಳಗಿಟ್ಟು ದ್ವೀಪವನ್ನು ತಿರುಗಿಸಿ ನೋಡಿದ.
ಬಡಗಿನ ಗಾಳಿಗೆ ತೆಂಕಿನ ಕೊಲ್ಲಿ,
ತೆಂಕಿನ ಗಾಳಿಗೆ ಬಡಗಿನದು.
ಎರಡೂ ಒಟ್ಟಿಗೆ ಬೀಸಿದರೆ?
ಎರಡೂ ಬೀಸಿದರೆ ಹೊದ್ದು ಮಲಗಿ ಅಕ್ಕಾ.
ಮೂರನೇ ಕೊಲ್ಲಿಯ ಮೇಲೆ ಅವನ ಬೆರಳಿನ ಒದ್ದೆ
ಒಣಗಿ ಉಬ್ಬಿದೆ, ಒಂದು ಹುರುಪೆ ಅಂಟಿಕೊಂಡಿದೆ.

ಹಾಗಾಗಿ ಪೊನ್ನವ್ವನ ಪಟ್ಟಿಗೆ ತಾರೀಖಿಲ್ಲ, ಗಾಳಿ ಇದೆ.
ಕಲ್ಲಿಗಂಟಿದ ಮುಳ್ಳುಚೆಂಡುಗಳಿಗೆ ರಬ್ಬರ್ ಚಪ್ಪಲಿ.
ನೆರಳಿಲ್ಲದ ಕಡೆಗೆ ನಮ್ಮ ಜುಲೈ ಕೊಡೆಯೇ.
ದಾರಿ ನಲವತ್ತು ನಿಮಿಷ, ಅವಳ ಬಲಮಂಡಿಗೆ ಐವತ್ತೈದು.
ಕೊನೆಯ ಬಸ್ಸು ಐದೂವರೆ. ಕೆಳಗೆ ಎರಡು ಗೆರೆ.
ಈಜು ಬರುವುದಿಲ್ಲ ಎಂಬುದನ್ನು
ಅವಳು ಎಲ್ಲೂ ಬರೆದಿರಲಿಲ್ಲ.

ಕೆರೆಯಲ್ಲಿ ಇನ್ನೂ ಎಂಟಡಿ ಇತ್ತು.
ಮೈಸೂರಿನಿಂದ ಮುಖವಾಡ ಬಂತು, ಉಸಿರಿನ ಕೊಳವೆ ಬಂತು.
ಗಾಜು ಮಸುಕಾದರೆ ಉಗುಳಿ ಉಜ್ಜಬೇಕಂತೆ.
ಸ್ಟಾಂಪಿಗೆ ಮಾಡಿದ್ದೇ ತಾನೇ, ಅಂದಳು.
ಕೊಳವೆ ಬಾಯಲ್ಲಿದ್ದರೆ ಮಾತಿಲ್ಲ;
ಕೈ ಒಮ್ಮೆ ಎಳೆದರೆ ನೋಡು,
ಎರಡು ಸಲ ಎಳೆದರೆ ದಡ.
ಮೊದಲ ವಾರವೆಲ್ಲ ಎರಡೆರಡು ಸಲವೇ ಎಳೆದಳು.

ಪಕ್ಕದ ತೋಟದಲ್ಲಿ ಜೆಟ್ಟು ತಿರುಗತೊಡಗಿತು.
ನಮ್ಮ ರೊಬಸ್ಟಾ ಮೊಗ್ಗೂ ಹಲ್ಲು ಕಚ್ಚಿ ಕಾಯುತ್ತಿತ್ತು.
ಪಂಪಿನ ಬೆಲ್ಟು ಸರಿಯಿಲ್ಲ, ಅಂದೆ ವೇಲಾಯುಧನಿಗೆ.
ಬೆಲ್ಟು ಹಾಕಿದವನೇ ಅವನು. ಸುಮ್ಮನೆ ಬೀಡಿ ಹಚ್ಚಿದ.
ಮೂರು ದಿನ ಹಾಗೇ ಕದ್ದೆ, ಹೂವಿನ ಪಾಲಿನ ನೀರು.
ಮೂರನೇ ದಿನ ಅವಳು ತೇಲಿದಳು,
ಬೆನ್ನು ಮಾತ್ರ ಕಾಣುವಂತೆ, ಬೆಳ್ಳಗೆ,
ಯಾರೋ ಕೆರೆಗೆ ಎಸೆದ ಮರದ ಮಣೆಯಂತೆ.

ಆಮೇಲೆ ಪಂಪು ಹಾಕಿಸಿದವಳು ನಾನೇ.
ಏಳು. ಐದು. ಮೂರೂವರೆ.
ವೀಸಾಕ್ಕೆಂದು ಬ್ಯಾಂಕಿಗೆ ಹೋದರೆ
ಅವಳ ಹಣೆಯಿಂದ ಮೂಗಿನ ಕೆಳಗಿನವರೆಗೆ ಕೆಂಪು ಗೆರೆ.
ಅಲರ್ಜಿಯಾ ಮೇಡಂ? ಹೌದು, ಅಂದಳು,
ನೆಲದ್ದು.

ಒಂಬತ್ತನೇ ಬೆಳಿಗ್ಗೆ ಗುಡ್ಡವೆಲ್ಲ ಬಿಳಿ,
ಉಸಿರೆಳೆದರೆ ತಲೆ ತಿರುಗುವಷ್ಟು ಘಮ.
ಕೆರೆಯಲ್ಲಿ ಮೊಣಕಾಲುದ್ದ.
ನೋಡುವುದಕ್ಕೆ ಏನಿದೆ, ಇವತ್ತು ಬೇಡ, ಅಂದೆ.
ಅವಳಾಗಲೇ ಮಲಗಿದ್ದಳು ಮುಖ ಕೆಳಗಾಗಿ,
ಕೊಳವೆಯ ಸದ್ದು ಮುದಿ ಹಸುವಿನದರಂತೆ.
ಕೆಸರು ಕೂರಲೆಂದು ನಾನು ಕದಲದೆ ನಿಂತೆ,
ಸೀರೆ ಎತ್ತಿ ಕಟ್ಟಿ, ಅವಳ ಕೈ ಹಿಡಿದು.
ಬಹಳ ಹೊತ್ತು.

ಒಮ್ಮೆ ಎಳೆದಳು.
ಇನ್ನೊಂದಕ್ಕೆ ಕಾದೆ. ಬರಲಿಲ್ಲ.
ಗಾಜಿಗೆ ಉಗುಳಿ, ಬಾಗಿದೆ.